ಹೆಸರು ನಿಂಬೆ, ಗಿಡ ಯಾವುದು?

ನಮ್ಮ ಬದನಗುಪ್ಪೆ ಕಡೆಯಿಂದ ಚಾಮರಾಜನಗರ ದಾಟಿದರೆ ತಮಿಳುನಾಡು, ಗುಂಡ್ಲುಪೇಟೆ ದಾಟಿದರೆ ಕೇರಳ. ಸಸಿ ತರೋದು, ಹಣ್ಣು ಮಾರೋದು ಎರಡೂ ಮೂರು ಭಾಷೆಯಲ್ಲಿ ನಡೆಯುತ್ತೆ. ಟೊಮ್ಯಾಟೊ ಬೆಳೆಯುವವರಿಗೆ ಇದರಿಂದ ತೊಂದರೆಯಿಲ್ಲ. ನಿಂಬೆ ಜಾತಿಯಲ್ಲಿ ಹಾಗಲ್ಲ. ಹೆಸರು ನಂಬಿ ತಂದ ಸಸಿ ಬೇರೆ ಅಂತ ಗೊತ್ತಾಗೋದು ಅದು ಕಾಯಿ ಬಿಟ್ಟಾಗ. ಅಷ್ಟರಲ್ಲಿ ಮೂರ್ನಾಲ್ಕು ವರ್ಷದ ನೀರು, ಗೊಬ್ಬರ, ಕೂಲಿ ಹೋಗಿರುತ್ತೆ.

'ನಾರಂಗ' ಅನ್ನೋ ಹೆಸರನ್ನೇ ನೋಡಿ. ಸಂಸ್ಕೃತದಲ್ಲಿ ಅದು ಕಿತ್ತಳೆ. ಅದೇ ಪದ ಪರ್ಷಿಯನ್, ಅರಬ್ಬಿ ದಾಟಿ ಇಂಗ್ಲಿಷಿನ 'ಆರೆಂಜ್' ಆಯ್ತು. ಆದರೆ ಕೇರಳದ ವ್ಯಾಪಾರಿ 'ನಾರಂಗ' ಬೇಕು ಅಂದರೆ ಅವರಿಗೆ ಬೇಕಿರೋದು ಸಾಮಾನ್ಯವಾಗಿ ನಿಂಬೆಹಣ್ಣು. ಕಿತ್ತಳೆಗೆ ಅವರು ಮಧುರನಾರಂಗ ಅಂತಾರೆ. ತಮಿಳಿನ ನಾರ್ತಂಗಾಯಿ ಇನ್ನೊಂದು: ಉಪ್ಪಿನಕಾಯಿ ಹಾಕುವ ದಪ್ಪ ಸಿಪ್ಪೆಯ ಕಾಯಿ.

ಕನ್ನಡದ ಹಳೆಯ ಹೆಸರು ಈಳೆ. ಚಿಕ್ಕದು ಕಿತ್ತೀಳೆ, ಅದೇ ಇವತ್ತಿನ ಕಿತ್ತಳೆ. ದೊಡ್ಡದು ಹೇರೀಳೆ, ಅದೇ ನಮ್ಮ ಮನೆಗಳ ಹೇರಳೆಕಾಯಿ. ಅಂದರೆ ಹಿರಿಯರು ಹೆಸರಿಟ್ಟದ್ದು ಗಾತ್ರ ನೋಡಿ. ಮೂಸಂಬಿಗೆ ಹೆಸರು ಬಂದದ್ದು ಆಫ್ರಿಕಾದ ಮೊಜಾಂಬಿಕ್‌ನಿಂದ. ಜ್ಯೂಸ್ ಅಂಗಡಿಯ ಬೋರ್ಡಿನಲ್ಲಿ ಅದು 'ಸ್ವೀಟ್ ಲೈಮ್', ಆದರೆ ಲೈಮ್ ಅಲ್ಲವೇ ಅಲ್ಲ; ಅದು ಸಿಹಿ ಕಿತ್ತಳೆಯ ಗುಂಪಿನದು.

ಇಷ್ಟು ಗೊಂದಲಕ್ಕೆ ಕಾರಣ ಈ ಜಾತಿಯ ಗುಣ. 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಜೀನೋಮ್ ಅಧ್ಯಯನದ ಪ್ರಕಾರ ಇದರ ತವರು ಹಿಮಾಲಯದ ಆಗ್ನೇಯ ತಪ್ಪಲು: ಅಸ್ಸಾಂ, ಉತ್ತರ ಮ್ಯಾನ್ಮಾರ್, ಚೀನಾದ ಯುನ್ನಾನ್ ಸೀಮೆ. ಮಾದಲ, ಚಕ್ಕೋತ, ಮ್ಯಾಂಡರಿನ್ ಕಿತ್ತಳೆಗಳು ಮೂಲದವು. ಉಳಿದವು ಬಹುಪಾಲು ಬೆರಕೆ. ನಮ್ಮ ನಿಂಬೆ, ಮಾದಲ ಮತ್ತು ಒಂದು ಕಾಡುಜಾತಿಯ ಮಗು. ಮೂಸಂಬಿಯಲ್ಲಿರೋದು ಚಕ್ಕೋತ ಮತ್ತು ಮ್ಯಾಂಡರಿನ್ ರಕ್ತ. 'ರಂಗಪುರ ಲೈಮ್' ಹುಟ್ಟಿದ್ದು ಮ್ಯಾಂಡರಿನ್ ಮತ್ತು ಮಾದಲದಿಂದ. ಹೆಸರಲ್ಲಿ ಮಾತ್ರ ಲೈಮ್.

ಈ ರಂಗಪುರ ಲೈಮ್ ವಿಷಯ ನಮಗೆ ಮುಖ್ಯ. ಮೂಸಂಬಿ, ಕಿತ್ತಳೆಗೆ ಕಣ್ಣುಕಸಿ ಮಾಡಲು ಇದನ್ನೇ ಬೇರುಸಸಿಯಾಗಿ ಬಳಸ್ತಾರೆ. ಕಸಿ ಒಣಗಿ ಕೆಳಗಿನ ಚಿಗುರು ಬೆಳೆದರೆ, ಮೂಸಂಬಿ ಜಾಗದಲ್ಲಿ ಹುಳಿಯಾದ ಕಿತ್ತಳೆ ಬಣ್ಣದ ಕಾಯಿ ಸಿಗುತ್ತೆ. ಆದ್ದರಿಂದ ಕಸಿ ಗಂಟಿನ ಕೆಳಗೆ ಬರೋ ಚಿಗುರನ್ನು ಆಗಾಗ ಕಿತ್ತು ಹಾಕಿ.

ಸಸಿ ಕೊಳ್ಳುವಾಗ ಮೂರು ಕೆಲಸ ಮಾಡಿ:

1. ಬಿಲ್ಲಿನಲ್ಲಿ ತಳಿ, ಬೇರುಸಸಿ ಮತ್ತು ವೈಜ್ಞಾನಿಕ ಹೆಸರು ಬರೆಸಿ. ನಿಂಬೆ ಸಿಟ್ರಸ್ ಔರಾಂಟಿಫೋಲಿಯಾ, ಮೂಸಂಬಿ ಸಿಟ್ರಸ್ ಸೈನೆನ್ಸಿಸ್, ಕಿತ್ತಳೆ ಸಿಟ್ರಸ್ ರೆಟಿಕ್ಯುಲೇಟಾ.

2. ಬೀಜದ ಸಸಿಯೋ ಕಸಿಯೋ ಕೇಳಿ. ನಿಂಬೆಯ ಒಂದು ಬೀಜದಲ್ಲಿ ಹಲವು ಭ್ರೂಣ ಇರೋದರಿಂದ ಬೀಜದ ಸಸಿಗಳು ಹೆಚ್ಚಾಗಿ ತಾಯಿಯಂತೆಯೇ ಬರುತ್ತವೆ. ಚಕ್ಕೋತದಲ್ಲಿ ಹಾಗಾಗಲ್ಲ, ಕಸಿಯೇ ಬೇಕು.

3. ಎಲೆ ತೊಟ್ಟು ನೋಡಿ. ಚಕ್ಕೋತಕ್ಕೆ ತೊಟ್ಟಿನ ಎರಡೂ ಬದಿ ಅಗಲ ರೆಕ್ಕೆ, ನಿಂಬೆಗೆ ಕಿರಿದಾದ ರೆಕ್ಕೆ, ಮಾದಲಕ್ಕೆ ರೆಕ್ಕೆಯೇ ಇಲ್ಲ.

ದುಡ್ಡು ಕೊಡೋ ಮೊದಲು ಎಲೆ ತೊಟ್ಟು, ಕಸಿ ಗಂಟು, ಲೇಬಲ್ ಮೂರರ ಫೋಟೊ ತೆಗೆದು ಅನುಭವ ಇರೋ ಬೆಳೆಗಾರರಿಗೆ ಕಳಿಸಿ. ಐದು ನಿಮಿಷದ ಕೆಲಸ, ನಾಲ್ಕು ವರ್ಷ ಉಳಿಯುತ್ತೆ.