‘ಒಲ್ಲೆ’ ಎಂದ ಫೋರ್ಕ್‌ಲಿಫ್ಟ್

ಹೈದರಾಬಾದಿನ ಕನ್ನಡಿಗರು ಬೇಗಂ ಬಜಾರಿಗೆ ಹೋಗುವುದು ಮದುವೆಯ ಪಾತ್ರೆಗೋ, ಹಬ್ಬದ ಗೋಡಂಬಿ-ದ್ರಾಕ್ಷಿಗೋ, ಅಂಗಡಿಯ ಸಗಟು ಮಾಲಿಗೋ. ನಾನು ಹೋಗುವುದು ನಮ್ಮ ಕಾಕಾನ ಗೋದಾಮಿಗೆ. ಹುಮನಾಬಾದಿನಿಂದ ಬಂದು ಸ್ಟೀಲ್ ಪಾತ್ರೆಯ ವ್ಯಾಪಾರ ಹಿಡಿದ ಕಾಕಾ ಮೂವತ್ತು ವರ್ಷಗಳಿಂದ ಇಲ್ಲೇ ಇದ್ದಾರೆ. ವಾರವಿಡೀ ಗಚ್ಚಿಬೌಲಿಯ ಆಫೀಸಿನಲ್ಲಿ ಇಂಗ್ಲಿಷ್ ಮೀಟಿಂಗುಗಳಲ್ಲಿ ದಣಿದು, ಶನಿವಾರ ಅವರ ಗಾದಿಯ ಮೇಲೆ ಕೂತು ಬೀದರ್ ಕನ್ನಡದಲ್ಲಿ ಹರಟಿ ಚಹಾ ಕುಡಿದು ಬರುವುದು ನನ್ನ ರೂಢಿ.

ಇಲ್ಲಿನ ಗಲ್ಲಿಗಳಲ್ಲಿ ಇಂದಿಗೂ ಮಾಲು ಓಡಾಡುವುದು ಹಮಾಲರ ಬೆನ್ನಿನ ಮೇಲೆ, ತಳ್ಳುಗಾಡಿಗಳಲ್ಲಿ. ಕಾಕಾನ ಗೋದಾಮಿನ ಹಿಂದಿನ ಅಂಗಳದಲ್ಲಿ ಮಾತ್ರ ಒಂದು ಹಳೆಯ ಡೀಸೆಲ್ ಫೋರ್ಕ್‌ಲಿಫ್ಟ್ ಇದೆ. ಹರಾಜಿನಲ್ಲಿ ಅಗ್ಗಕ್ಕೆ ಸಿಕ್ಕಿದ್ದು. ಕಂಪನಿ ಹಚ್ಚಿದ ಸಾಮರ್ಥ್ಯದ ಫಲಕ ಎಂದೋ ಕಿತ್ತುಹೋಗಿ, ಆ ಜಾಗದಲ್ಲಿ ಯಾರೋ ಬಿಳಿ ಬಣ್ಣದಿಂದ ‘2 ಟನ್’ ಎಂದು ಬರೆದಿದ್ದರು.

ಕಳೆದ ವರ್ಷ ಒಂದು ಶನಿವಾರ ಸಂಜೆ ಲಾರಿ ಬಂದು ನಿಂತಿತ್ತು. ಏರಿಸಬೇಕಾದದ್ದು ಸ್ಟೀಲ್ ತಟ್ಟೆ ತುಂಬಿದ ಒಂದು ಮರದ ಪೆಟ್ಟಿಗೆ. ಉದ್ದ 1.6 ಮೀಟರ್, ಚೀಟಿಯ ಪ್ರಕಾರ ತೂಕ 1,800 ಕೆಜಿ. ಬಾಗಿಲು ಕಿರಿದಾದ್ದರಿಂದ ಉದ್ದುದ್ದಕ್ಕೆ ಎತ್ತಿಯೇ ಹೊರತರಬೇಕು.

“ಎರಡು ಟನ್ ಅಂತ ಬರದದ. ಪೆಟ್ಟಿಗಿ ಹದಿನೆಂಟ್ ಕ್ವಿಂಟಲ್ ಅದ. ಎತ್ತತದಲ್ಲಾ ತಮ್ಮಾ?” ಎಂದರು ಕಾಕಾ. ನಾನು ಗೋದಾಮುಗಳ ಸಾಫ್ಟ್‌ವೇರ್ ಬರೆಯುವವನು. 1,800 ಎಂಬುದು 2,000ಕ್ಕಿಂತ ಕಡಿಮೆ. “ಎತ್ತಬೇಕ್ರಿ ಕಾಕಾ” ಎಂದುಬಿಟ್ಟೆ.

ಎತ್ತಲಿಲ್ಲ. ಎಂಜಿನ್ ಗುರುಗುಟ್ಟಿತು, ಎಲ್ಲೋ ಸುಯ್ ಎಂಬ ಸದ್ದು ಬಂತು, ಪೆಟ್ಟಿಗೆ ಅಲ್ಲೇ ಇತ್ತು. ಪಕ್ಕದ ಗಲ್ಲಿಯ ಮಿಸ್ತ್ರಿ ಬಂದು ಯಾವುದೋ ಸ್ಕ್ರೂ ಎರಡು ಸುತ್ತು ಬಿಗಿ ಮಾಡಿದ. ಈ ಸಲ ಪೆಟ್ಟಿಗೆ ಎದ್ದಿತು. ಮಂಡಿಯೆತ್ತರಕ್ಕೆ ಬರುವಷ್ಟರಲ್ಲಿ ಗಾಡಿಯ ಹಿಂದಿನ ಚಕ್ರಗಳೂ ನೆಲ ಬಿಟ್ಟವು. “ಹಿಂದ ಇಬ್ಬರು ಹತ್ತಿ ನಿಂದರ್ರಿ” ಎಂದು ಯಾರೋ ಕೂಗಿದರು. ಇಬ್ಬರು ಹಮಾಲರು ಓಡಿದರು. ಅವರು ಹತ್ತುವ ಮೊದಲೇ ಡ್ರೈವರ್ ಹುಡುಗ ಪೆಟ್ಟಿಗೆಯನ್ನು ಕೆಳಗಿಳಿಸಿದ. ಒಂದು ಮೂಲೆ ನೆಲಕ್ಕೆ ಬಡಿದು ಹಲಗೆ ಸೀಳಿತು. ಅದೇ ಮೂಲೆಯ ಅಡಿಯಲ್ಲಿ ಕಟ್ಟಿಗೆಯ ತುಂಡು ಎಳೆಯಲು ಕೈ ಹಾಕಿದ್ದ ಹಮಾಲ ಆಗಷ್ಟೇ ಹಿಂದೆ ಸರಿದಿದ್ದ.

ಆ ಹುಡುಗ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಕಡೆಯವನು, ಮನೆಮಾತು ಕನ್ನಡ. ಬೆವರು ಒರೆಸಿಕೊಂಡು ಹೇಳಿದ: “ಸಾವಕಾರ್ರೆ, ಇದು ಒಲ್ಲೆ ಅನ್ನಾಕತ್ತಿತ್ತು. ನಾವೇ ಕೇಳಲಿಲ್ಲ.”

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ‘ಎತ್ತಬೇಕು’ ಎಂದವನು ನಾನೇ ತಾನೆ? ಮುಂದಿನ ಕೆಲವು ವಾರ ಕೈಪಿಡಿಗಳನ್ನು ಓದಿದೆ, ಬಲ್ಲ ಎಂಜಿನಿಯರುಗಳನ್ನು ಕೇಳಿದೆ. ತಿಳಿದದ್ದು ಇಷ್ಟು.

ಫೋರ್ಕ್‌ಲಿಫ್ಟ್ ಒಂದು ತಕ್ಕಡಿ. ನಡುವಿನ ಆಧಾರ ಮುಂದಿನ ಚಕ್ರಗಳ ಅಚ್ಚು. ಮುಂದೆ ಮಾಲು, ಹಿಂದೆ ಎರಕದ ಪ್ರತಿಭಾರ. ತಕ್ಕಡಿಯಲ್ಲಿ ತೂಕದಷ್ಟೇ ದೂರವೂ ಲೆಕ್ಕಕ್ಕೆ ಬರುತ್ತದೆ. ಈ ಗಾತ್ರದ ಗಾಡಿಗಳಲ್ಲಿ ‘2 ಟನ್’ ಎಂದರೆ ಸಾಮಾನ್ಯವಾಗಿ, ಮಾಲಿನ ನಡುಭಾಗ ಫೋರ್ಕಿನ ಬುಡದಿಂದ 500 ಮಿಮೀ ದೂರದಲ್ಲಿ ಇದ್ದಾಗ 2 ಟನ್ ಎಂದರ್ಥ. ನಮ್ಮ 1.6 ಮೀಟರ್ ಪೆಟ್ಟಿಗೆಯ ನಡುಭಾಗ ಇದ್ದದ್ದು 800 ಮಿಮೀ ದೂರದಲ್ಲಿ. ಅಚ್ಚಿನಿಂದ ಫೋರ್ಕಿನ ಬುಡಕ್ಕೆ 400 ಮಿಮೀ ಎಂದಿಟ್ಟುಕೊಳ್ಳಿ. 2,000 ಕೆಜಿಯನ್ನು 900ರಿಂದ ಗುಣಿಸಿ 1,200ರಿಂದ ಭಾಗಿಸಿದರೆ 1,500 ಕೆಜಿ. ನಾವು ಎತ್ತಲು ಹೊರಟದ್ದು 1,800. ಇದು ಅಂದಾಜಿನ ಲೆಕ್ಕ. ನಿಜವಾದ ಮಿತಿ ಆಯಾ ಮಾದರಿಯ ಫಲಕದಲ್ಲೇ ಇರುತ್ತದೆ. ಎತ್ತರ ಹೆಚ್ಚಿದಂತೆ, ಮಾಸ್ಟ್ ಮುಂದಕ್ಕೆ ಬಾಗಿದಂತೆ ಅದು ಇನ್ನೂ ಇಳಿಯುತ್ತದೆ. ಇನ್ನೊಂದು ಮಾತು: ಈ ಗಾಡಿ ತಿರುಗುವುದು ಹಿಂದಿನ ಚಕ್ರಗಳಿಂದ. ಅವು ಹಗುರಾದರೆ ಸ್ಟೇರಿಂಗೂ ಕೈಬಿಡುತ್ತದೆ. ಹಿಂದೆ ಹತ್ತಿ ನಿಂತವರು ಗಾಡಿ ಮಗುಚಿದಾಗ ಎಲ್ಲಿ ಬೀಳುತ್ತಾರೆ ಎಂಬುದನ್ನು ಹೇಳಬೇಕಿಲ್ಲ.

ಇನ್ನು ಆ ಸ್ಕ್ರೂ. ಹೈಸ್ಕೂಲಿನಲ್ಲಿ ಓದಿದ ಪಾಸ್ಕಲ್ ನಿಯಮ ನೆನಪಿದೆಯೇ? ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ. ಪಂಪು ಎಣ್ಣೆಯನ್ನು ತಳ್ಳುತ್ತದೆ, ಎಣ್ಣೆ ಸಿಲಿಂಡರಿನ ದಂಡವನ್ನು ಎತ್ತುತ್ತದೆ. ಮಾಮೂಲಿ ಮಾಸ್ಟ್‌ನಲ್ಲಿ ಸರಪಳಿ ರಾಟೆಯ ಮೇಲೆ ಹಾಯುವುದರಿಂದ ದಂಡ ಒಂದು ಅಡಿ ಏರಿದರೆ ಮಾಲು ಎರಡು ಅಡಿ ಏರುತ್ತದೆ. ಅದಕ್ಕೆ ಪ್ರತಿಯಾಗಿ ಸಿಲಿಂಡರು ಮಾಲಿನ ಇಮ್ಮಡಿ ಭಾರ ಹೊರಬೇಕು. ಹಾಗಾಗಿ ಒಳಗಿನ ಒತ್ತಡ ನೂರು ಬಾರ್ ದಾಟುತ್ತದೆ. ಕಾರಿನ ಟೈರಿನಲ್ಲಿ ಇರುವುದು ಎರಡು ಬಾರ್ ಚಿಲ್ಲರೆ. ಒತ್ತಡ ಮಿತಿ ಮೀರದಂತೆ ಎಣ್ಣೆಯನ್ನು ಟ್ಯಾಂಕಿಗೆ ಹಿಂದಕ್ಕೆ ಬಿಡುವುದು ರಿಲೀಫ್ ವಾಲ್ವ್, ನಮ್ಮ ಕುಕ್ಕರಿನ ಸೀಟಿಯಂತೆ. ಅಂದು ಕೇಳಿದ ಸುಯ್ ಸದ್ದು ಅದರದ್ದೇ. ಮಿಸ್ತ್ರಿ ಗೇಜ್ ಇಲ್ಲದೆ ಸ್ಕ್ರೂ ಬಿಗಿ ಮಾಡಿದ್ದು ಸೀಟಿಯ ಮೇಲೆ ಕಲ್ಲು ಹೇರಿದಂತೆ. ಯಂತ್ರಕ್ಕೆ ಅದರಿಂದ ಬಲ ಬರಲಿಲ್ಲ. ಹಳೆಯ ಹೋಸು, ಸೀಲು, ಸರಪಳಿಗಳ ಮೇಲೆ ಹೊರೆ ಹೆಚ್ಚಿತು, ಅಷ್ಟೇ.

ಹಾಗೆಂದು ರಿಲೀಫ್ ವಾಲ್ವ್ ಸರಿಯಿದ್ದರೆ ಸಾಕೆಂದಲ್ಲ. ಅದು ಭಾರವನ್ನು ಬಲ್ಲದು, ದೂರವನ್ನು ಅರಿಯದು. ಉದ್ದನೆಯ ಪೆಟ್ಟಿಗೆಯನ್ನು ಸದ್ದಿಲ್ಲದೆ ಎತ್ತಿ ಗಾಡಿಯನ್ನೇ ಮಗುಚಬಲ್ಲದು.

ಹಳೆಯ ಗಾಡಿಯಲ್ಲಿ ನೋಡಲೇಬೇಕಾದ ಕೆಲವು ಸಂಗತಿಗಳಿವೆ. ಸರಪಳಿ ಮೂಲ ಅಳತೆಗಿಂತ ಶೇ. 3ರಷ್ಟು ಉದ್ದವಾಗಿದ್ದರೆ ಬದಲಿಸಬೇಕು. ಫೋರ್ಕಿನ ಮೊಣಕೈ ಶೇ. 10ರಷ್ಟು ಸವೆದರೆ, ಅಂದರೆ 40 ಮಿಮೀ ದಪ್ಪ 36ಕ್ಕೆ ಇಳಿದರೆ, ಅದರ ಆಯುಷ್ಯ ಮುಗಿಯಿತು. ಮಾಲು ಎತ್ತಿ ನಿಲ್ಲಿಸಿದಾಗ ತಾನಾಗಿ ಕೆಳಗೆ ಜಾರುತ್ತಿದ್ದರೆ ಸೀಲು ಅಥವಾ ವಾಲ್ವ್ ಸೋರುತ್ತಿದೆ. ಎತ್ತಿದ ಫೋರ್ಕಿನ ಅಡಿ ಯಾರೂ ಕಾಲಿಡಬಾರದು. ರಿಪೇರಿಗೆ ಮೊದಲು ಫೋರ್ಕನ್ನು ನೆಲಕ್ಕಿಳಿಸಿ ಎಂಜಿನ್ ಆರಿಸಬೇಕು.

ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಹೋಸಿನಲ್ಲಿ ಸೋರಿಕೆ ಎಲ್ಲಿದೆ ಎಂದು ಕೈಯಿಂದ ತಡವಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಹೋಗುತ್ತದೆ. ಮೊದಲಿಗೆ ಮುಳ್ಳು ಚುಚ್ಚಿದಷ್ಟೇ ಗಾಯ, ನೋವೂ ಕಡಿಮೆ. ತಡಮಾಡಿದರೆ ಬೆರಳು, ಕೈ ಕಳೆದುಕೊಳ್ಳಬೇಕಾಗುತ್ತದೆ. ಒಂದು ರಟ್ಟಿನ ತುಂಡು ಹಿಡಿದು ನೋಡಿ. ಎಣ್ಣೆ ಚುಚ್ಚಿದರೆ ಕೂಡಲೇ ಆಸ್ಪತ್ರೆಗೆ ಓಡಿ, ‘ಒತ್ತಡದ ಎಣ್ಣೆ ಒಳಗೆ ಹೋಗಿದೆ’ ಎಂದು ಡಾಕ್ಟರಿಗೆ ಬಿಡಿಸಿ ಹೇಳಿ.

1948ರ ಕಾರ್ಖಾನೆ ಕಾಯ್ದೆಯ 29ನೇ ಕಲಮು ಕ್ರೇನು, ರಾಟೆಗಳಂಥ ಯಂತ್ರಗಳಿಗೆ ಮೂರು ಮಾತು ಹೇಳಿತ್ತು: ಸುರಕ್ಷಿತ ತೂಕ ಅದರ ಮೇಲೆಯೇ ಬರೆದಿರಲಿ, ಅದನ್ನು ಮೀರಬೇಡಿ, 12 ತಿಂಗಳಿಗೊಮ್ಮೆ ಬಲ್ಲವರಿಂದ ಪರೀಕ್ಷೆ ಮಾಡಿಸಿ. ಗಲ್ಲಿಯ ಗೋದಾಮಿನಲ್ಲೂ ಇದನ್ನು ಪಾಲಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಕಾಕಾ ಮೊದಲು ಗೊಣಗಿದರು. “ನಿಮ್ಮ ಕಂಪನಿಗತೆ ರೊಕ್ಕ ಇಲ್ಲಪ್ಪ ನನ್ನ ಹತ್ರ.” ಆಮೇಲೆ ಆ ಹಮಾಲನ ಕೈ ನೆನಪಾಯಿತೋ ಏನೋ, ಒಪ್ಪಿದರು. ಪರಿಣತರು ಬಂದು ಗೇಜ್ ಹಚ್ಚಿ ವಾಲ್ವನ್ನು ಕೈಪಿಡಿಯ ಅಂಕಿಗೆ ತಂದರು, ಹೋಸು-ಸೀಲು-ಸರಪಳಿ ಬದಲಿಸಿದರು, ವಯಸ್ಸು ನೋಡಿ ಮಿತಿಯನ್ನೇ ಇಳಿಸಿದರು. ಈಗ ಅಲ್ಲಿ ಕನ್ನಡ, ತೆಲುಗು, ಹಿಂದಿಯಲ್ಲಿ ಫಲಕವಿದೆ: 500 ಮಿಮೀಗೆ 1,500 ಕೆಜಿ, 800 ಮಿಮೀಗೆ 1,100 ಕೆಜಿ. ನಾನು ಬರೆಯುವ ಸಾಫ್ಟ್‌ವೇರಿನಲ್ಲೂ ತೂಕದ ಪಕ್ಕ ಪೆಟ್ಟಿಗೆಯ ಉದ್ದಕ್ಕೆ ಒಂದು ಕಾಲಂ ಸೇರಿದೆ.

ಮೊನ್ನೆ ಮತ್ತೊಂದು ಉದ್ದನೆಯ ಪೆಟ್ಟಿಗೆ ಬಂದಿತ್ತು. ಹುಡುಗ ಫಲಕ ನೋಡಿ ತಲೆಯಾಡಿಸಿದ. ಕಾಕಾ ಮರುಮಾತಿಲ್ಲದೆ ಪೆಟ್ಟಿಗೆ ಒಡೆಸಿ ಮಾಲನ್ನು ಎರಡು ಮಾಡಿಸಿದರು. ಲಾರಿ ಒಂದು ತಾಸು ತಡವಾಗಿ ಹೊರಟಿತು.