ಹಿಂಬದಿಯ ಹೊಲಿಗೆ

ಪದವಿ ಮುಗಿಸಿ ಕೆಲಸ ಹುಡುಕುತ್ತಿದ್ದ ದಿನಗಳವು. ಗೆಳತಿಯೊಬ್ಬಳು ‘ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡ್’ ವಿನಿಮಯಕ್ಕೆ ನನ್ನನ್ನೂ ಸೇರಿಸಿದಳು. ಎಂಟು ಮಂದಿಯ ಪುಟ್ಟ ಗುಂಪು. ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ಕಾರ್ಡನ್ನು ಕೈಯಾರೆ ಮಾಡಿ, ಚೀಟಿಯಲ್ಲಿ ಬಂದ ಹೆಸರಿಗೆ ಅಂಚೆಯಲ್ಲಿ ಕಳಿಸಬೇಕು. 1997ರಲ್ಲಿ ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್‌ನಲ್ಲಿ ಶುರುವಾದ ಈ ಹವ್ಯಾಸಕ್ಕೆ ಮುಖ್ಯ ನಿಯಮ ಒಂದೇ: ಮಾರುವಂತಿಲ್ಲ, ಬದಲಾಯಿಸಿಕೊಳ್ಳಬೇಕಷ್ಟೆ.

ನಾನು ಎರಡು ಕಾರ್ಡ್ ಬಿಡಿಸಿದೆ. ಮಳೆಯಲ್ಲಿ ನೆನೆದ ಹೊಂಗೆ ಮರ ಚೆನ್ನಾಗಿ ಬಂದಿತ್ತು. ಅದನ್ನು ಕೊಡಲು ಮನಸ್ಸಾಗದೆ, ಬಣ್ಣ ಹರಡಿಕೊಂಡಿದ್ದ ಇನ್ನೊಂದನ್ನು ಲಕೋಟೆಗೆ ಹಾಕಿ 5 ರೂಪಾಯಿಯ ಅಂಚೆಚೀಟಿ ಅಂಟಿಸಿದೆ. ಗುರುತಿಲ್ಲದವರಿಗೆ ಇಷ್ಟು ಸಾಕು ಅನ್ನಿಸಿತ್ತು.

ವಾರದ ಬಳಿಕ ನನಗೂ ಒಂದು ಲಕೋಟೆ ಬಂತು. ಕಾರ್ಡಿನ ಮೇಲೆ ಪುಟ್ಟ ಬಟ್ಟೆ, ಅದರಲ್ಲಿ ಗವಂತಿ ಹೊಲಿಗೆಯ ಕಸೂತಿ ಗೋಪುರ. ಬಟ್ಟೆಯ ಮೇಲಂಚನ್ನಷ್ಟೇ ಅಂಟಿಸಿದ್ದರು. ಎತ್ತಿ ನೋಡಿದೆ. ಹಿಂಬದಿಯೂ ಮುಂಬದಿಯಂತೆಯೇ ಇತ್ತು, ಒಂದು ಗಂಟೂ ಇಲ್ಲ. ಯಾರೂ ನೋಡದಿದ್ದರೂ ಅವರು ಹೀಗೆಯೇ ಹೊಲಿಯುತ್ತಿದ್ದರು. ನನಗೆ ನಾಚಿಕೆಯಾಯಿತು.

ಮರುದಿನವೇ ಹೊಂಗೆ ಮರವನ್ನು ನಾನು ಮೊದಲು ಕಳಿಸಿದ್ದ ವಿಳಾಸಕ್ಕೇ ಅಂಚೆಗೆ ಹಾಕಿದೆ. ಜೊತೆಗೊಂದು ಸಾಲು: ‘ಅಂದೇ ಕಳಿಸಬೇಕಿದ್ದದ್ದು ಇದು.’

ಈಗ ಯಾವ ಅರ್ಜಿ ಬರೆಯುವಾಗಲೂ ಆ ಬಟ್ಟೆಯ ಹಿಂಬದಿ ನೆನಪಾಗುತ್ತದೆ.