ತಿಪ್ಪ: ಒಂದು ವ್ಯಕ್ತಿನಾಮದ ಅರ್ಥ, ಚರಿತ್ರೆ ಮತ್ತು ಬಳಕೆ

ವ್ಯಕ್ತಿನಾಮಗಳು ಸಾಮಾನ್ಯವಾಗಿ ಮಂಗಳಾರ್ಥವನ್ನು ಬಯಸುತ್ತವೆ. ದೇವತೆಯ ಹೆಸರು, ಹಿರಿಯರ ಹೆಸರು, ಹೂವು, ನದಿ, ಸದ್ಗುಣ ಇವು ನಾಮಕರಣದ ಪರಿಚಿತ ಮೂಲಗಳು. ಇವುಗಳ ನಡುವೆ ಕಸದ ರಾಶಿಯನ್ನು ಸೂಚಿಸುವ ಶಬ್ದವೊಂದು ಮನುಷ್ಯನ ಹೆಸರಾಗಿ ಶತಮಾನಗಳ ಕಾಲ ಬಾಳಿದೆ ಎಂಬುದು ಮೇಲ್ನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ತಿಪ್ಪಯ್ಯ, ತಿಪ್ಪಣ್ಣ, ತಿಪ್ಪಮ್ಮ, ತಿಪ್ಪೇಶ, ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ ಮುಂತಾದ ಹೆಸರುಗಳು ಈ ಬಗೆಯವು. ಚಿತ್ರದುರ್ಗ, ದಾವಣಗೆರೆ, ಬಳ್ಳಾರಿ ಭಾಗಗಳಲ್ಲಿ ಪರಿಚಿತವಾಗಿರುವ ಇವು ಇತರೆಡೆ ವಿರಳ. ಹೊಸ ತಲೆಮಾರಿನ ಮಕ್ಕಳಲ್ಲಂತೂ ಇನ್ನೂ ವಿರಳ. ಈ ಹೆಸರಿನ ಹಿಂದಿರುವುದು ತಾತ್ಸಾರವಲ್ಲ, ಮಗುವನ್ನು ಉಳಿಸಿಕೊಳ್ಳುವ ಹಂಬಲ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

‘ತಿಪ್ಪೆ’ ಎಂದರೆ ಸಗಣಿ, ಬೂದಿ, ಕಸಕಡ್ಡಿಗಳನ್ನು ಒಟ್ಟುವ ರಾಶಿ. ತೆಲುಗಿನಲ್ಲಿ ‘ತಿಪ್ಪ’ ಎಂಬುದಕ್ಕೆ ದಿಬ್ಬ, ರಾಶಿ ಎಂಬ ಅರ್ಥಗಳಿವೆ. ಈ ಶಬ್ದ ವ್ಯಕ್ತಿನಾಮವಾದುದರ ಹಿಂದೆ ಒಂದು ಆಚರಣೆಯಿದೆ. ಹುಟ್ಟಿದ ಮಕ್ಕಳು ಒಂದರ ಹಿಂದೆ ಒಂದರಂತೆ ತೀರಿಕೊಂಡ ಮನೆಯಲ್ಲಿ, ಅನಂತರ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಮಲಗಿಸುತ್ತಿದ್ದರು ಅಥವಾ ಉರುಳಿಸುತ್ತಿದ್ದರು. ಕೆಲವೆಡೆ ಬೇರೊಬ್ಬ ಹೆಂಗಸು ಅದನ್ನು ಎತ್ತಿಕೊಂಡು ತಾಯಿಗೆ ಒಪ್ಪಿಸುವುದು, ತಾಯಿ ತೌಡನ್ನೋ ಕಾಸನ್ನೋ ಕೊಟ್ಟು ‘ಕೊಂಡುಕೊಳ್ಳುವುದು’ ರೂಢಿಯಾಗಿತ್ತು. ಎಸೆದದ್ದನ್ನು ಸಾವು ಬಯಸುವುದಿಲ್ಲ, ಬೇಡವಾದುದರ ಮೇಲೆ ದೃಷ್ಟಿ ತಾಗುವುದಿಲ್ಲ ಎಂಬುದು ಇದರ ತರ್ಕ. ಹೆಸರು ಈ ತ್ಯಾಗದ ನಟನೆಯನ್ನು ಮಗುವಿನ ಬಾಳಿನುದ್ದಕ್ಕೂ ಮುಂದುವರಿಸುತ್ತದೆ.

ಈ ನಂಬಿಕೆ ಕನ್ನಡಕ್ಕಷ್ಟೇ ಸೀಮಿತವಲ್ಲ. ತಮಿಳಿನ ಕುಪ್ಪನ್, ಕುಪ್ಪಮ್ಮಾಳ್, ಕುಪ್ಪುಸ್ವಾಮಿ ಹೆಸರುಗಳಲ್ಲಿ ‘ಕುಪ್ಪೈ’ ಅಂದರೆ ಕಸ ಎಂಬ ಶಬ್ದವಿದೆ; ತೆಲುಗಿನ ಪೆಂಟಯ್ಯ, ಪೆಂಟಮ್ಮಗಳಲ್ಲಿ ‘ಪೆಂಟ’ ಅಂದರೆ ಗೊಬ್ಬರ, ತಿಪ್ಪೆ. ತ್ಯಾಗರಾಜರ ಶಿಷ್ಯರಾದ ವೀಣಾ ಕುಪ್ಪಯ್ಯರ್ ಅವರ ಹೆಸರೂ ಇದೇ ವರ್ಗದ್ದು. ಕನ್ನಡದಲ್ಲಿ ಕೆಲವರು ಇದರೊಡನೆ ‘ಸಾಕಮ್ಮ’ ಎಂಬ ಹೆಸರನ್ನೂ ಸೇರಿಸುವುದುಂಟು. ಆದರೆ ಇವೆರಡರ ಪ್ರೇರಣೆ ಬೇರೆ. ಸಾಕಮ್ಮ ಎಂಬುದಕ್ಕೆ ‘ಸಾಕಿದವಳು’ ಎಂಬ ಅರ್ಥ ಸಾಧ್ಯವಾದರೂ, ಹೆಣ್ಣು ಸಂತಾನ ಸಾಕು ಎಂಬ ಇಂಗಿತದಿಂದ ಇಟ್ಟಾಗ ಅದು ಹುಟ್ಟಿದ ಮಗುವನ್ನೇ ನಿರಾಕರಿಸುತ್ತದೆ. ತಿಪ್ಪಮ್ಮ ಎಂಬ ಹೆಸರಾದರೋ ನಿರಾಕರಣೆಯ ಸೋಗಿನಲ್ಲಿ ಹೆಣ್ಣು ಮಗುವೂ ಬದುಕಬೇಕೆಂದು ಬೇಡುತ್ತದೆ. ಹೊರನೋಟಕ್ಕೆ ಒಂದೇ ಬಗೆಯಾಗಿ ತೋರುವ ಹೆಸರುಗಳನ್ನು ಬೇರ್ಪಡಿಸಿ ನೋಡಬೇಕಾದ ಅಗತ್ಯ ಇಲ್ಲಿದೆ.

ತಿಪ್ಪೆ ಕೇವಲ ಕಸವೂ ಅಲ್ಲ. ಬೇಸಾಯದ ಬದುಕಿನಲ್ಲಿ ಅದು ಹೊಲಕ್ಕೆ ಹೋಗುವ ಗೊಬ್ಬರ, ಮುಂದಿನ ಬೆಳೆಯ ಬಂಡವಾಳ. ದೀಪಾವಳಿಯ ಸಂದರ್ಭದಲ್ಲಿ ತಿಪ್ಪೆಗೆ ಪೂಜೆ ಸಲ್ಲಿಸಿ ದೀಪವಿಡುವ ಪದ್ಧತಿ ರೈತಾಪಿ ಮನೆಗಳಲ್ಲಿದೆ. ಹೀಗಾಗಿ ಮಗುವನ್ನು ತಿಪ್ಪೆಗೆ ಒಪ್ಪಿಸುವುದರಲ್ಲಿ ಎಸೆಯುವ ಅಭಿನಯದ ಜೊತೆಗೆ ಫಲವಂತಿಕೆಯ ಮಡಿಲಿಗೆ ಹಾಕುವ ಭಾವವನ್ನೂ ಗುರುತಿಸಲು ಅವಕಾಶವಿದೆ.

ಈ ಹೆಸರು ಬಡವರ, ಅನಕ್ಷರಸ್ಥರ ಹೆಸರೆಂಬ ಗ್ರಹಿಕೆಯನ್ನು ಚರಿತ್ರೆ ಒಪ್ಪುವುದಿಲ್ಲ. 15ನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿದ್ದ ಗೋಪೇಂದ್ರ ತಿಪ್ಪಭೂಪಾಲ, ವಾಮನನ ‘ಕಾವ್ಯಾಲಂಕಾರ ಸೂತ್ರ’ಕ್ಕೆ ‘ಕಾಮಧೇನು’ ಎಂಬ ವ್ಯಾಖ್ಯಾನ ಬರೆದ ವಿದ್ವಾಂಸ. ತುಳುವ ನರಸನಾಯಕನ ಪತ್ನಿ, ವೀರನರಸಿಂಹನ ತಾಯಿ ತಿಪ್ಪಾಂಬೆ. ಶಾಸನಗಳಲ್ಲಿ ಆಕೆ ತಿಪ್ಪಾಜಿ. ಅಲಂಕಾರಶಾಸ್ತ್ರಜ್ಞನಿಗೂ ರಾಣಿಗೂ ಈ ಹೆಸರು ಕುಂದೆನಿಸಿರಲಿಲ್ಲ. ಟಿಪ್ಪು ಎಂಬ ಹೆಸರನ್ನು ಮಾತ್ರ ಧ್ವನಿಸಾಮ್ಯದಿಂದ ಇದರೊಡನೆ ಬೆರೆಸಬಾರದು. ಆರ್ಕಾಟಿನ ಸೂಫಿ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರ ಸ್ಮರಣೆಯಲ್ಲಿ ಟಿಪ್ಪು ಸುಲ್ತಾನನಿಗೆ ಆ ಹೆಸರು ಬಂದಿತು.

ಹೆಸರಿನ ಜನಪ್ರಿಯತೆಗೆ ಎರಡನೆಯ ನೆಲೆ ಒದಗಿದ್ದು ಭಕ್ತಿಯಿಂದ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯವರು ಆ ಬರಸೀಮೆಯಲ್ಲಿ ಕೆರೆಗಳನ್ನು ಕಟ್ಟಿಸಿದರೆಂದು, ದುಡಿಮೆಗೆ ತಕ್ಕ ಪ್ರತಿಫಲದ ತತ್ತ್ವವನ್ನು ಸಾರಿದರೆಂದು ಪ್ರತೀತಿ. ಫಾಲ್ಗುಣದಲ್ಲಿ ನಡೆಯುವ ಅವರ ರಥೋತ್ಸವಕ್ಕೆ ಅಪಾರ ಜನ ಸೇರುತ್ತಾರೆ. ಈ ಪ್ರಭಾವದಿಂದ, ಮಗುವನ್ನು ಕಳೆದುಕೊಳ್ಳದ ಮನೆಗಳಲ್ಲಿಯೂ ಹರಕೆಯ ಹೆಸರಾಗಿ ತಿಪ್ಪೇಸ್ವಾಮಿ, ತಿಪ್ಪೇಶ ರೂಪಗಳು ಬಳಕೆಗೆ ಬಂದವು. ‘ಸ್ವಾಮಿ’, ‘ಈಶ’, ‘ರುದ್ರ’ ಎಂಬ ಪದಗಳು ಸೇರಿ ಮೂಲಾರ್ಥ ಹಿಂದೆ ಸರಿದು ಗುರುವಿನ ನೆನಪು ಮುಂದೆ ಬಂದಿತು. ‘ಕರ್ನಾಟಕ ಸಂಸ್ಕೃತಿ ಸಮೀಕ್ಷೆ’ಗೆ 1969ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಎಚ್. ತಿಪ್ಪೇರುದ್ರಸ್ವಾಮಿಯವರಿಂದ ಈ ಹೆಸರು ಕನ್ನಡ ಓದುಗರಿಗೆಲ್ಲ ಪರಿಚಿತವಾಯಿತು.

ಬಳಕೆ ಕುಗ್ಗಿದ್ದಕ್ಕೆ ನಗರದ ಅಭಿರುಚಿ ಮತ್ತು ಶಾಲೆಯಲ್ಲಿನ ಹಾಸ್ಯದ ಭಯ ಮಾತ್ರ ಕಾರಣವಲ್ಲ. ಭಾರತದಲ್ಲಿ 1971ರಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ರ ವೇಳೆಗೆ ಈ ಸಂಖ್ಯೆ 28ಕ್ಕೆ ಇಳಿದಿತ್ತು. ಲಸಿಕೆ, ಹೆರಿಗೆ ಆಸ್ಪತ್ರೆಗಳು ಬಂದಂತೆ ಸಾವನ್ನು ಹೆಸರಿನಿಂದ ವಂಚಿಸಬೇಕಾದ ಒತ್ತಡ ತಗ್ಗಿತು. ಆದುದರಿಂದ ಹೆಸರು ಮರೆಯಾಗುತ್ತಿರುವುದು ಒಂದರ್ಥದಲ್ಲಿ ಶುಭಸೂಚನೆಯೇ.

ಆದರೆ ಹೆಸರಿನೊಡನೆ ಅದರ ಅರ್ಥವೂ ಮರೆಯಾದರೆ ಉಳಿಯುವುದು ಅಪಹಾಸ್ಯ ಮಾತ್ರ. ಬದುಕುಳಿದ ಮಗುವಿನ ಹೆಸರನ್ನು ನೂರಾರು ವರ್ಷ ಬರೆದಿಟ್ಟ ಸಮಾಜ, ಉಳಿಯದ ಮಕ್ಕಳ ಹೆಸರನ್ನು ಎಲ್ಲಿಯೂ ಬರೆಯಲಿಲ್ಲ. ಒಬ್ಬ ತಿಪ್ಪಣ್ಣನ, ಒಬ್ಬ ತಿಪ್ಪಮ್ಮನ ಹೆಸರಿನ ಹಿಂದೆ ಅನೇಕ ಸಲ ಅಂಥ ಅಣ್ಣ ಅಕ್ಕಂದಿರು ಇದ್ದಾರೆ. ಜನಸಾಮಾನ್ಯರ ಮನೆಯ ಸಾವು ನೋವುಗಳಿಗೆ ಬೇರೆ ದಾಖಲೆಯಿಲ್ಲದ ಕಡೆ ಇಂತಹ ವ್ಯಕ್ತಿನಾಮಗಳೇ ದಾಖಲೆಯಾಗುತ್ತವೆ.